ಉತ್ಪಾದನೆ ನೂರು ಕೋಟಿ ಟನ್ ದಾಟಿದ ಮೇಲೂ ನಮಗೆ ವಿದೇಶಿ ಕಲ್ಲಿದ್ದಲು ಏಕೆ ಬೇಕು?

ಪ್ರಶ್ನೆ: ಅರ್ಥಶಾಸ್ತ್ರ ಉಪನ್ಯಾಸಕಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಪದವಿಪೂರ್ವ ವಿದ್ಯಾರ್ಥಿಗಳಿಗೆ ವಿದೇಶಿ ವ್ಯಾಪಾರದ ಪಾಠ ಮಾಡುವಾಗ ನಮ್ಮ ಭಾಗದ್ದೇ ಉದಾಹರಣೆ ಇರಲೆಂದು ಕಲ್ಲಿದ್ದಲನ್ನು ಆರಿಸಿಕೊಂಡಿದ್ದೇನೆ. ಆದರೆ ಅಂಕಿಅಂಶಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. 2024-25ರಲ್ಲಿ ಭಾರತ ಸುಮಾರು 104.8 ಕೋಟಿ ಟನ್ ಕಲ್ಲಿದ್ದಲನ್ನು ತೆಗೆದಿದೆ. ಅದೇ ವರ್ಷ ಸುಮಾರು 24.4 ಕೋಟಿ ಟನ್ನನ್ನು ಹೊರಗಿನಿಂದ ತರಿಸಿಕೊಂಡಿದೆ. ಬ್ರಿಟನ್ 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಮುಚ್ಚಿತು. ಅದೇ ವರ್ಷ ಜಗತ್ತಿನ ಒಟ್ಟು ಬಳಕೆ ಹೊಸ ದಾಖಲೆ ಬರೆಯಿತು. ಜಗತ್ತು ಕಲ್ಲಿದ್ದಲನ್ನು ಬಿಡುತ್ತಿದೆ ಎಂದು ಹೇಳಬೇಕೋ, ಇನ್ನಷ್ಟು ಹಿಡಿದುಕೊಂಡಿದೆ ಎಂದು ಹೇಳಬೇಕೋ? ಶಕ್ತಿನಗರ, ಕುಡತಿನಿಗಳ ವಿದ್ಯುತ್ ಸ್ಥಾವರಗಳಿಗೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬರುವ ಕಲ್ಲಿದ್ದಲು ಎಲ್ಲಿಯದು ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ನಿವೃತ್ತ ಎಂಜಿನಿಯರ್, ಶಕ್ತಿನಗರ

ಮೇಡಂ, ಮೊದಲು ನಮ್ಮ ರಾಯಚೂರಿನ ವಿಷಯ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯೇ ಇಲ್ಲ. 1985ರಲ್ಲಿ ಇಲ್ಲಿನ ಮೊದಲ ಘಟಕ ಆರಂಭವಾದಂದಿನಿಂದಲೂ ನಾವು ತೆಲಂಗಾಣದ ಸಿಂಗರೇಣಿ, ಒಡಿಶಾದ ಮಹಾನದಿ, ಮಹಾರಾಷ್ಟ್ರದ ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಗಣಿಗಳನ್ನು ನಂಬಿಕೊಂಡವರು. ಒಂದು ರೇಕ್ ಎಂದರೆ ಐವತ್ತೆಂಟು ಐವತ್ತೊಂಬತ್ತು ವ್ಯಾಗನ್‌ಗಳು, ಅಂದಾಜು 3,800 ಟನ್. 210 ಮೆಗಾವಾಟ್‌ನ ಒಂದು ಘಟಕ ಪೂರ್ಣ ಪ್ರಮಾಣದಲ್ಲಿ ನಡೆದರೆ ದಿನಕ್ಕೆ 3,500 ಟನ್ ಸುಡುತ್ತದೆ, ಅಂದರೆ ಘಟಕವೊಂದಕ್ಕೆ ಹೆಚ್ಚುಕಡಿಮೆ ದಿನಕ್ಕೊಂದು ರೇಕ್ ಬೇಕು. ಅಂಥ ಏಳು ಘಟಕಗಳು ಮತ್ತು 250 ಮೆಗಾವಾಟ್‌ನ ಇನ್ನೊಂದು ಸೇರಿ ನಮ್ಮ ಸ್ಥಾವರ 1,720 ಮೆಗಾವಾಟ್‌ನದು ಎಂಬುದನ್ನು ನೆನೆದರೆ, ಮಳೆಗಾಲದಲ್ಲಿ ಗಣಿಯೊಳಗೆ ನೀರು ನಿಂತು ಎರಡು ದಿನ ರೇಕ್ ಬಾರದಿದ್ದರೆ ಏನಾಗುತ್ತದೆಂದು ನೀವೇ ಲೆಕ್ಕ ಹಾಕಬಹುದು. ಬಂದ ಕಲ್ಲಿದ್ದಲೂ ಒದ್ದೆಯಾಗಿ ವ್ಯಾಗನ್‌ನ ತಳಕ್ಕೆ ಅಂಟಿಕೊಂಡು, ವ್ಯಾಗನ್ನನ್ನು ಬೋರಲು ಹಾಕುವ ಟಿಪ್ಲರ್ ಯಂತ್ರ ತಿರುಗಿಸಿದರೂ ಪೂರ್ತಿ ಬೀಳದೆ, ಆಳುಗಳು ಹಾರೆ ಹಿಡಿದು ಕೆಡವಬೇಕಾಗುತ್ತದೆ.

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯಂಶ ಶೇಕಡಾ 35ರಿಂದ 45ರವರೆಗೂ ಇರುತ್ತದೆ. ಹಳೆಯ ಬಾಯ್ಲರ್‌ಗಳನ್ನು ಅದಕ್ಕೆಂದೇ ರೂಪಿಸಿರುವುದರಿಂದ, ಇಂಡೋನೇಷ್ಯಾದ ಕಲ್ಲಿದ್ದಲು ಅಗ್ಗಕ್ಕೆ ಸಿಕ್ಕರೂ ಅದನ್ನಷ್ಟೇ ಸುಡಲು ಬರುವುದಿಲ್ಲ. ಶೇಕಡಾ 10-15ರಷ್ಟು ಬೆರೆಸಬಹುದು, ಅಷ್ಟೇ. 2022ರ ಬೇಸಿಗೆಯಲ್ಲಿ ಕೊರತೆ ಬಿಗಡಾಯಿಸಿದಾಗ ಶೇಕಡಾ 10ರಷ್ಟು ಆಮದು ಕಲ್ಲಿದ್ದಲು ಬೆರೆಸುವಂತೆ ಕೇಂದ್ರ ಸರ್ಕಾರ ಸೂಚಿಸಿದ್ದು ಈ ಮಿತಿಯೊಳಗೇ.

ಇನ್ನು ಜಗತ್ತು ಬಿಡುತ್ತಿದೆಯೇ ಎಂಬ ಪ್ರಶ್ನೆ. ಜಗತ್ತು ಎಂದು ಒಟ್ಟಾಗಿ ಮಾತಾಡುವುದರಲ್ಲೇ ತೊಡಕಿದೆ. ವರ್ಷಕ್ಕೆ ಸುಮಾರು 900 ಕೋಟಿ ಟನ್ ಉತ್ಪಾದನೆಯಲ್ಲಿ ಅರ್ಧಕ್ಕೂ ಮಿಕ್ಕಿ ಚೀನಾ ಒಂದರದೇ, 2024ರಲ್ಲಿ 476 ಕೋಟಿ ಟನ್. ಜರ್ಮನಿ 2018ರ ಡಿಸೆಂಬರ್‌ನಲ್ಲಿ ತನ್ನ ಕೊನೆಯ ಗಟ್ಟಿ ಕಲ್ಲಿದ್ದಲಿನ ಗಣಿಯನ್ನು ಮುಚ್ಚಿತು, ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲನ್ನು ಮಾತ್ರ ಬಿಟ್ಟಿಲ್ಲ. ಅಮೆರಿಕದ ಉತ್ಪಾದನೆ 2008ರ ಮಟ್ಟಕ್ಕೆ ಹೋಲಿಸಿದರೆ ಅರ್ಧಕ್ಕೆ ಇಳಿದಿದೆ. ಅಲ್ಲಿ ಅದನ್ನು ಮೂಲೆಗೆ ತಳ್ಳಿದ್ದು ಪರಿಸರ ಕಾಳಜಿಗಿಂತ ಹೆಚ್ಚಾಗಿ ಅಗ್ಗದ ಶೇಲ್ ಅನಿಲ (ಪದರಗಲ್ಲಿನಿಂದ ತೆಗೆಯುವ ನೈಸರ್ಗಿಕ ಅನಿಲ). ಇವೆಲ್ಲ ಇಳಿದದ್ದನ್ನು ಚೀನಾ, ಭಾರತ, ಇಂಡೋನೇಷ್ಯಾ ಮೂರೇ ದೇಶಗಳು ತುಂಬಿ, ಮೇಲಕ್ಕೂ ಒಯ್ದಿವೆ.

ಉತ್ತರ 2: ತೋರಣಗಲ್ಲು ಓದುಗ

ಶಕ್ತಿನಗರದ ಸರ್ ಹೇಳಿದ್ದು ಉಗಿ ಮಾಡುವ ಕಲ್ಲಿದ್ದಲಿನ ಕಥೆ. ಉಕ್ಕಿನ ಕಥೆಯೇ ಬೇರೆ. ಅದಿರು ಕರಗಿಸುವ ಊದುಕುಲುಮೆಗೆ ಹಾಕುವ ಕೋಕ್, ಅಂದರೆ ಗಾಳಿ ತಾಗದಂತೆ ಕಾಯಿಸಿ ಗಟ್ಟಿಮಾಡಿದ ಕಲ್ಲಿದ್ದಲು, ಕೇವಲ ಇಂಧನವಲ್ಲ. ಮೇಲಿನಿಂದ ಬೀಳುವ ಅದಿರಿನ ಭಾರವನ್ನು ಪುಡಿಯಾಗದೆ ಹೊತ್ತು, ಬಿಸಿಗಾಳಿ ನುಗ್ಗಲು ಸಂದುಗಳನ್ನು ಉಳಿಸಿಕೊಡಬೇಕು. ಅಂಥ ಕೋಕ್ ಆಗಬಲ್ಲ ಒಳ್ಳೆಯ ಕಲ್ಲಿದ್ದಲು ನಮ್ಮಲ್ಲಿ ಮುಖ್ಯವಾಗಿ ಜಾರ್ಖಂಡ್‌ನ ಝರಿಯಾದಲ್ಲಿದೆ, ಅದರಲ್ಲೂ ಬೂದಿ ಹೆಚ್ಚು. ಹೀಗಾಗಿ ಸಂಡೂರಿನ ಅದಿರು ಕೈಗೆಟಕುವಷ್ಟು ಹತ್ತಿರವಿದ್ದರೂ ಅದನ್ನು ಕರಗಿಸುವ ಕಲ್ಲಿದ್ದಲು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಿಂದ ಹಡಗೇರಿ, ಗೋವಾದ ಮುರ್ಮುಗಾವ್‌ನಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ಬರಬೇಕು. ನೂರು ಕೋಟಿ ಟನ್ನಿನ ದಾಖಲೆ ಈ ಕೊರತೆಯನ್ನು ನೀಗುವುದಿಲ್ಲ, ಏಕೆಂದರೆ ಆ ದಾಖಲೆಯ ಬಹುಪಾಲು ಕೋಕ್ ಆಗದ ಕಲ್ಲಿದ್ದಲು. ಆಸ್ಟ್ರೇಲಿಯಾದಲ್ಲಿ ಚಂಡಮಾರುತವೆದ್ದರೆ ಇಲ್ಲಿ ಉಕ್ಕಿನ ಬೆಲೆ ಅಲುಗುತ್ತದೆ. ಈಚೆಗೆ ರಷ್ಯಾ, ಅಮೆರಿಕ, ಮೊಜಾಂಬಿಕ್‌ಗಳ ಪಾಲೂ ಬೆಳೆಯುತ್ತಿದೆ.

ಪಾಠಕ್ಕೆ ಇನ್ನೊಂದು ವಿಷಯ: ಜಗತ್ತಿನ ಕಲ್ಲಿದ್ದಲಿನಲ್ಲಿ ದೇಶದ ಗಡಿ ದಾಟುವುದು ಸುಮಾರು ಆರನೆಯ ಒಂದು ಪಾಲು ಮಾತ್ರ. ಆದ್ದರಿಂದ ಒಂದು ದೇಶ ಬಾಗಿಲು ಹಾಕಿದರೂ ಉಳಿದವರು ತತ್ತರಿಸುತ್ತಾರೆ. 2020ರ ಕೊನೆಯಲ್ಲಿ ಚೀನಾ ಆಸ್ಟ್ರೇಲಿಯಾದ ಕಲ್ಲಿದ್ದಲನ್ನು ದೂರವಿಟ್ಟಾಗ ಆ ಸರಕು ಭಾರತದ ಕಡೆಗೂ ತಿರುಗಿತು. 2022ರ ಜನವರಿಯಲ್ಲಿ ಇಂಡೋನೇಷ್ಯಾ ತನ್ನದೇ ವಿದ್ಯುತ್ ಸ್ಥಾವರಗಳಿಗೆ ಕಡಿಮೆಯಾಯಿತೆಂದು ರಫ್ತನ್ನೇ ನಿಲ್ಲಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಯೂರೋಪ್ ರಷ್ಯಾದ ಕಲ್ಲಿದ್ದಲನ್ನು ನಿಷೇಧಿಸಿತು, ಏಷ್ಯಾದ ಮಾರುಕಟ್ಟೆಗೆ ಅಳತೆಗೋಲಾದ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಬಂದರಿನ ದರ ಆ ವರ್ಷ ಟನ್ನಿಗೆ 400 ಡಾಲರ್ ದಾಟಿತು.

ಉತ್ತರ 3: ಸ್ಪಾಂಜ್ ಐರನ್ ಘಟಕದ ಖರೀದಿ ವಿಭಾಗ, ಗಿಣಿಗೇರಾ

ಆ ವರ್ಷ ನಮಗೆ ತಟ್ಟಿದ ಬಿಸಿಯನ್ನು ಹೇಳಲೇಬೇಕು. ಕೊಪ್ಪಳ, ಬಳ್ಳಾರಿಯ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆಯೇ ಪಡೆಯುವ ಕಬ್ಬಿಣ) ಕಿಲ್ನ್‌ಗಳಿಗೆ, ಅಂದರೆ ಉದ್ದನೆಯ ಸುತ್ತುವ ಕುಲುಮೆಗಳಿಗೆ, ಕೋಕ್ ಬೇಡ. ಆದರೆ ಬೂದಿ ಬೇಗ ಕರಗಿ ಕಿಲ್ನ್‌ನ ಒಳಗೋಡೆಗೆ ಉಂಗುರದಂತೆ ಕಟ್ಟಿಕೊಳ್ಳದ ಕಲ್ಲಿದ್ದಲು ಬೇಕು. ಅದಕ್ಕೆ ದಕ್ಷಿಣ ಆಫ್ರಿಕಾದ್ದೇ ನಮ್ಮ ಮೊದಲ ಆಯ್ಕೆ. 2022ರಲ್ಲಿ ಯೂರೋಪಿನವರು ಅದಕ್ಕೇ ಕೈಹಾಕಿದರು. ಸಾಲದೆಂಬಂತೆ ಅಲ್ಲಿನ ರೈಲು ವ್ಯವಸ್ಥೆ ಕೇಬಲ್ ಕಳ್ಳತನ, ಎಂಜಿನ್‌ಗಳ ಕೊರತೆಯಿಂದ ಕುಸಿಯಿತು: ವರ್ಷಕ್ಕೆ 9.1 ಕೋಟಿ ಟನ್ ಸಾಗಿಸಬಲ್ಲ ರಿಚರ್ಡ್ಸ್ ಬೇ ಬಂದರಿನ ಟರ್ಮಿನಲ್‌ನಿಂದ 2023ರಲ್ಲಿ ಹೊರಬಿದ್ದದ್ದು 4.7 ಕೋಟಿ ಟನ್ ಮಾತ್ರ. ಗಣಿಯಲ್ಲಿ ರಾಶಿ ಬಿದ್ದಿದ್ದರೂ ಹಡಗಿಗೆ ಬರಲಿಲ್ಲ. ಉತ್ಪಾದನೆಯ ಅಂಕಿಯನ್ನಷ್ಟೇ ನೋಡಿ ವ್ಯಾಪಾರವನ್ನು ಅಳೆಯಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಪ್ರಶ್ನಿಸಿದವರು

ಮೂವರಿಗೂ ಧನ್ಯವಾದಗಳು. ಆಮದು 2023-24ರ 26.5 ಕೋಟಿ ಟನ್‌ನಿಂದ 24.4ಕ್ಕೆ ಇಳಿದದ್ದು ಹೇಗೆಂದು ಈಗ ಅರ್ಥವಾಗುತ್ತಿದೆ. ಸ್ಥಾವರಗಳ ಆಮದು ತಗ್ಗಬಹುದು, ಉಕ್ಕಿನದು ತಗ್ಗುವುದು ಕಷ್ಟ. 2025ರ ಸೆಪ್ಟೆಂಬರ್‌ನ ತೆರಿಗೆ ಬದಲಾವಣೆಯಿಂದ ಆಮದು ದುಬಾರಿಯಾಯಿತೇ?

ಉತ್ತರ 4: ಸ್ಪಾಂಜ್ ಐರನ್ ಘಟಕದ ಖರೀದಿ ವಿಭಾಗ, ಗಿಣಿಗೇರಾ

ಕೊಳ್ಳುವವರು ಯಾರು ಎಂಬುದರ ಮೇಲೆ ನಿಂತಿದೆ, ಮೇಡಂ. ಮೊದಲು ಶೇಕಡಾ 5 ಜಿಎಸ್‌ಟಿ ಮತ್ತು ಟನ್ನಿಗೆ 400 ರೂಪಾಯಿ ಸೆಸ್ ಇತ್ತು. ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ ಜಿಎಸ್‌ಟಿ ಶೇಕಡಾ 18 ಆಯಿತು. ಟನ್ನಿಗೆ 1,000 ರೂಪಾಯಿಯ ದೇಶೀಯ ಕಲ್ಲಿದ್ದಲಿನ ಮೇಲಿನ ತೆರಿಗೆ 450 ರೂಪಾಯಿಯಿಂದ 180ಕ್ಕೆ ಇಳಿಯಿತು; 10,000 ರೂಪಾಯಿಯ ಆಮದು ಕಲ್ಲಿದ್ದಲಿನದು 900ರಿಂದ 1,800ಕ್ಕೆ ಏರಿತು. ವಿದ್ಯುತ್ ಜಿಎಸ್‌ಟಿಯ ಹೊರಗಿರುವುದರಿಂದ ಶಕ್ತಿನಗರದಂಥ ಸ್ಥಾವರಗಳಿಗೆ ಈ ವ್ಯತ್ಯಾಸ ಪೂರ್ತಿಯಾಗಿ ತಟ್ಟುತ್ತದೆ, ಅವರಿಗೆ ದೇಶೀಯ ಕಲ್ಲಿದ್ದಲೇ ಲಾಭ. ನಾವು ಕಟ್ಟಿದ ಜಿಎಸ್‌ಟಿಯನ್ನು ಕಬ್ಬಿಣ ಮಾರುವಾಗ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಹೊಂದಿಸಿಕೊಳ್ಳುತ್ತೇವೆ. ಸೆಸ್ ಮಾತ್ರ ವಾಪಸು ಬರುತ್ತಿರಲಿಲ್ಲ. ಅಂದರೆ ಒಂದಷ್ಟು ದಿನ ಹೆಚ್ಚು ಬಂಡವಾಳ ಸಿಕ್ಕಿಕೊಳ್ಳುತ್ತದೆಯಾದರೂ ಆಫ್ರಿಕಾದ ಕಲ್ಲಿದ್ದಲು ನಮಗೆ ಟನ್ನಿಗೆ 400 ರೂಪಾಯಿ ಅಗ್ಗವೇ ಆಗಿದೆ.