ಕಿಂಗ್‌ಪಿನ್ ಹೊಸತು, ಸ್ಟಿಯರಿಂಗ್ ಬಿಗಿ: ನಮ್ಮ ಲಾರಿ ಗುಂಪಿನ ಪ್ರಶ್ನೋತ್ತರ

ಬದಿಯಡ್ಕದ ಲಾರಿಯವರು: ಅಣ್ಣ, ನಮಸ್ಕಾರ. ಆರು ಚಕ್ರದ ಲಾರಿ, ಕೆಂಪುಕಲ್ಲಿನ ಬಾಡಿಗೆ. ಹೋದ ವಾರ ಎರಡೂ ಕಡೆ ಕಿಂಗ್‌ಪಿನ್ ಸೆಟ್ (ಮುಂದಿನ ಚಕ್ರ ಎಡಬಲ ತಿರುಗುವ ಪಿನ್, ಅದರ ಬುಶ್) ಮತ್ತು ಟೈರಾಡ್ ಎಂಡ್ (ಎರಡು ಮುಂದಿನ ಚಕ್ರ ಜೋಡಿಸುವ ರಾಡಿನ ತುದಿ) ಹೊಸತು ಹಾಕಿಸಿದೆ. ಅಲ್ಲಿಂದ ಸ್ಟಿಯರಿಂಗ್ ಬಿಗಿ. ಪೆರ್ಲದ ತಿರುವಿನಲ್ಲಿ ತಿರುಗಿಸಿದರೆ ತಾನಾಗಿ ವಾಪಸ್ ಬರುವುದಿಲ್ಲ, ಎಳೆದು ತರಬೇಕು. ನೇರ ರಸ್ತೆಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತದೆ. ಅಲೈನ್‌ಮೆಂಟ್ (ಚಕ್ರದ ಕೋನ ಸರಿ ಮಾಡುವುದು) ಮೂರು ಸಲ ಆಯಿತು. ಈಗ ಸ್ಟಿಯರಿಂಗ್ ಬಾಕ್ಸ್ ಬದಲಿಸಿ ಅಂತಾರೆ. ಬದಲಿಸಲಾ?

ಮೆಕ್ಯಾನಿಕ್ (ಉಪ್ಪಳ): ಬಾಕ್ಸ್ ಮುಟ್ಟಬೇಡಿ. ಮೊದಲು ಒಂದು ಹೇಳಿ. ಎಡಕ್ಕೆ ತಿರುಗಿಸಿ ಬಂದ ಮೇಲೆ ಎಡಕ್ಕೇ ಎಳೆಯುತ್ತದಾ? ಬಲ ತಿರುವು ಮುಗಿದ ಮೇಲೆ ಬಲಕ್ಕಾ?

ಬದಿಯಡ್ಕದ ಲಾರಿಯವರು: ಹೌದಣ್ಣ. ಸರಿಯಾಗಿ ಹಾಗೇ.

ಮೆಕ್ಯಾನಿಕ್: ಹಾಗಾದರೆ ಅದು ಅಲೈನ್‌ಮೆಂಟ್ ಅಲ್ಲ. ಕೋನ ತಪ್ಪಿ ಎಳೆಯುವ ಗಾಡಿ ಯಾವಾಗಲೂ ಒಂದೇ ಕಡೆಗೆ ಎಳೆಯುತ್ತದೆ. ಕೊನೆಗೆ ತಿರುಗಿಸಿದ ಕಡೆಗೇ ಹೋಗುತ್ತದೆ ಅಂದರೆ ಎಲ್ಲೋ ಹಿಡಿಯುತ್ತಾ ಇದೆ. ಮೂರು ಸಲದ ದುಡ್ಡು ಸುಮ್ನೆ ಹೋಯಿತು.

ಹೀಗೆ ಮಾಡಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಮುಂದಿನ ಆಕ್ಸಲ್ ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜ್ಯಾಕ್ ನಂಬಬೇಡಿ. ಟೈರಾಡ್ ಬಿಚ್ಚಿ, ಡ್ರ್ಯಾಗ್ ಲಿಂಕ್ (ಬಾಕ್ಸಿನಿಂದ ಚಕ್ರಕ್ಕೆ ಬರುವ ರಾಡ್) ಬಿಚ್ಚಿ. ಈಗ ಎರಡು ಚಕ್ರಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ. ಒಂದೊಂದನ್ನೇ ಕೈಯಲ್ಲಿ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ಒಂದೇ ಸಮ ಬರಬೇಕು, ನಡುವೆ ಎಲ್ಲೂ ಹಿಡಿಯಬಾರದು. ಯಾವುದು ಬಿಗಿಯೋ ತೊಂದರೆ ಅಲ್ಲೇ. ಎರಡೂ ಸಲೀಸಾದರೆ ಮಾತ್ರ ಸ್ಟಿಯರಿಂಗ್ ಕಾಲಮ್ಮಿನ ಜಾಯಿಂಟ್ ನೋಡಿ, ಆಮೇಲೆ ಬಾಕ್ಸ್.

ನನ್ನ ಅನುಮಾನ ಬುಶ್ (ಕಿಂಗ್‌ಪಿನ್ ಕೂರುವ ಲೋಹದ ಕೊಳವೆ) ಮೇಲೆ. ಬುಶ್ ಬಡಿದು ಕೂರಿಸಿದಾಗ ಒಳಗಿನ ತೂತು ಸ್ವಲ್ಪ ಕಿರಿದಾಗುತ್ತದೆ. ರೀಮರ್ (ತೂತು ಕೊರೆದು ಅಳತೆಗೆ ತರುವ ಉಪಕರಣ) ಹಾಕಿಯೇ ಅಳತೆಗೆ ತರಬೇಕಾದ ಬುಶ್ ಇದ್ದರೆ ಮೇಲಿನದ್ದು, ಕೆಳಗಿನದ್ದು ಎರಡನ್ನೂ ಒಂದೇ ಗೆರೆಯಲ್ಲಿ ರೀಮ್ ಮಾಡಬೇಕು. ರಾಡಿಗೆ ಎಮರಿ ಪೇಪರ್ ಸುತ್ತಿ ತಿಕ್ಕಿದರೆ ತೂತು ಮೊಟ್ಟೆ ಆಕಾರ ಆಗುತ್ತದೆ. ಪಿನ್ ಒಂದು ಕಡೆ ಹಿಡಿಯುತ್ತದೆ, ಇನ್ನೊಂದು ಕಡೆ ಅಲ್ಲಾಡುತ್ತದೆ. ಬುಶ್ಶಿನ ಗ್ರೀಸ್ ತೂತು ನಿಪ್ಪಲ್‌ಗೆ ನೇರ ಇದೆಯಾ ಅದನ್ನೂ ನೋಡಿ. ಫೋಟೋ ಹಾಕಿ.

ಉಪ್ಪಳದ ಟಿಪ್ಪರ್ ಚಾಲಕ: ಇದು ಬಂದದ್ದು, ಎಲ್ಲರಿಗೂ ಉಪಯೋಗ ಆಗಬಹುದು: "ಸ್ಟಿಯರಿಂಗ್ ಬಿಗಿಯೇ? ಪವರ್ ಸ್ಟಿಯರಿಂಗ್ ಡಬ್ಬಕ್ಕೆ 100 ಮಿಲಿ ಬ್ರೇಕ್ ಆಯಿಲ್ ಹಾಕಿ. ಬೆಣ್ಣೆಯಂತೆ ತಿರುಗುತ್ತದೆ."

ಮೆಕ್ಯಾನಿಕ್: ದಯವಿಟ್ಟು ಅಳಿಸಿ. ಬ್ರೇಕ್ ಆಯಿಲ್ ಬೇರೆ ಜಾತಿ, ಸ್ಟಿಯರಿಂಗ್ ಎಣ್ಣೆ ಬೇರೆ ಜಾತಿ. ಒಳಗಿನ ರಬ್ಬರ್ ಸೀಲ್ ಉಬ್ಬಿ ಹಾಳಾಗುತ್ತದೆ. ಹಾಕಿದ ದಿನ ಹಗುರ ಅನ್ನಿಸಬಹುದು. ಆಮೇಲೆ ಪಂಪ್, ಬಾಕ್ಸ್ ಎರಡೂ ಸೋರುತ್ತವೆ.

ಕುಂಬಳೆಯ ಲಾರಿ ಚಾಲಕ: ಬಾಕ್ಸಿನ ಮೇಲಿನ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿದರೆ ಸ್ಟಿಯರಿಂಗಿನ ಆಟ (ಸಡಿಲ) ಹೋಗುತ್ತದೆ ಅಂತ ವೀಡಿಯೋ ಇದೆ ಅಲ್ವಾ ಅಣ್ಣ?

ಮೆಕ್ಯಾನಿಕ್: ಇದೆ. ಮಾಡಬೇಡಿ. ಆಟ ಟೈರಾಡ್ ಎಂಡಿನಲ್ಲಿ ಇದ್ದರೆ ಆ ಸ್ಕ್ರೂ ಬಿಗಿ ಮಾಡಿ ಏನು ಸಿಗುತ್ತದೆ? ಬಾಕ್ಸ್ ನಡುವಿನಲ್ಲಿ ಹಿಡಿಯುತ್ತದೆ ಅಷ್ಟೇ.

ಮಂಜೇಶ್ವರದಿಂದ: ನನ್ನದೂ ಬಿಗಿ. ಏನು ಮಾಡಲಿ?

ಮೆಕ್ಯಾನಿಕ್: ಮೇಲೆ ಓದಿ.

ಸೀತಾಂಗೋಳಿಯಿಂದ: ಟೈರಿನ ಅಂಚು ಗರಗಸದ ಹಾಗೆ ಆಗಿದೆ. ಟೋ ಜಾಸ್ತಿಯಾ, ಕಮ್ಮಿಯಾ?

ಮೆಕ್ಯಾನಿಕ್: ಅಂಗೈ ಇಟ್ಟು ಟೈರ್ ಅಡ್ಡಕ್ಕೆ ಸವರಿ. ಹೊರಗಿಂದ ಒಳಗೆ ನುಣುಪು, ಒಳಗಿಂದ ಹೊರಗೆ ಬರುವಾಗ ಕೈಗೆ ಚುಚ್ಚಿದರೆ ಟೋ-ಇನ್ (ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವುದು) ಜಾಸ್ತಿ. ಉಲ್ಟಾ ಇದ್ದರೆ ಟೋ-ಔಟ್. ತಂತಿ ಇಣುಕುವ ಟೈರ್ ಆದರೆ ಕೈ ಇಡಬೇಡಿ.

ಕುಂಬಳೆಯ ಲಾರಿ ಚಾಲಕ: ಎಲ್ಲದಕ್ಕೂ ರಸ್ತೆಯೇ ಕಾರಣ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಕೆಲಸ ನಡೆಯುವಾಗ ಸರ್ವಿಸ್ ರೋಡಿನಲ್ಲಿ ಓಡಿಸಿದವರಿಗೆ ಗೊತ್ತು, ಕಬ್ಬಿಣವೂ ಉಳಿಯುತ್ತಿರಲಿಲ್ಲ.

ಸೀತಾಂಗೋಳಿಯಿಂದ: ರಸ್ತೆಗೆ ಮಾತ್ರ ಯಾಕೆ ಹೇಳ್ತೀರಿ? ಕಲ್ಲು ಎಷ್ಟು ಹೇರುತ್ತೀರಿ, ಅದನ್ನೂ ಹೇಳಿ ಮಾರಾಯ್ರೇ.

ಕುಂಬಳೆಯ ಲಾರಿ ಚಾಲಕ: 2018ರಲ್ಲಿ ಮಿತಿ ಏರಿಸಿದ್ದಾರೆ. ಎರಡು ಆಕ್ಸಲ್‌ಗೆ 16.2 ಟನ್ ಇದ್ದದ್ದು 18.5.

ಸೀತಾಂಗೋಳಿಯಿಂದ: ಅದು ಗಾಡಿಯ ಭಾರವೂ ಸೇರಿ. ನಿಮ್ಮ ಹಳೇ ಲಾರಿಯ ಆರ್‌ಸಿಯಲ್ಲಿ ಎಷ್ಟು ಬರೆದಿದೆ?

ಕುಂಬಳೆಯ ಲಾರಿ ಚಾಲಕ: ನನ್ನ ಆರ್‌ಸಿ ನೋಡಲಿಕ್ಕೆ ನೀವು ಯಾರು?

ಮೆಕ್ಯಾನಿಕ್: ಇಬ್ಬರೂ ನಿಲ್ಲಿಸಿ. ಬದಿಯಡ್ಕದ ಫೋಟೋ ಬಂದಿದೆ.

ತಮ್ಮಾ, ಈ ಲಾರಿ ಇವತ್ತು ಅಂಗಳ ಬಿಟ್ಟು ಹೊರಗೆ ಹೋಗಬಾರದು. ಎರಡನೇ ಫೋಟೋ ದೊಡ್ಡದು ಮಾಡಿ ನೋಡು. ಬಲಗಡೆ ಟೈರಾಡ್ ಎಂಡಿನ ನಟ್. ಸ್ಪ್ಲಿಟ್ ಪಿನ್ (ನಟ್ ಬಿಚ್ಚದಂತೆ ತಡೆಯುವ ಪಿನ್) ಇರಬೇಕಾದ ತೂತಿನಲ್ಲಿ ಕಲ್ಲು ಕಟ್ಟುವ ತೆಳು ತಂತಿ ಸುತ್ತಿದ್ದಾರೆ. ನಟ್ಟಿನ ಕೆಳಗೆ ಹೊಳೆಯುವ ಗೆರೆ ಕಾಣುತ್ತದಲ್ಲ? ನಟ್ ಆಗಲೇ ಸಡಿಲ ಆಗಿ ಅಲ್ಲಾಡಿದ ಗುರುತು ಅದು. ಆ ತಂತಿ ತುಂಡಾಗಿ ನಟ್ ಬಿಚ್ಚಿಕೊಂಡರೆ ಟೈರಾಡಿನಿಂದ ಮಾತ್ರ ತಿರುಗುವ ಎಡಗಡೆ ಚಕ್ರ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ತುಂಬಿದ ಲಾರಿ, ಎದುರು ಶಾಲೆ ಬಸ್ ಇರಬಹುದು.

ನಟ್ ಬಿಚ್ಚಿ ಟೇಪರ್ (ಎಂಡ್ ಕೂರುವ ಓರೆ ಭಾಗ) ಒರೆಸಿ ನೋಡು. ಒಳಗೆ ಸವೆದಿದ್ದರೆ ಆ ಎಂಡ್ ಮತ್ತೆ ಹಾಕಬೇಡ, ಅದು ಕೂರುವ ತೋಳೂ ಪರೀಕ್ಷೆ ಆಗಬೇಕು. ಸರಿ ಇದ್ದರೆ ಹೇಳಿದ ಟಾರ್ಕಿಗೆ ಬಿಗಿ ಮಾಡಿ ಹೊಸ ಪಿನ್ ಹಾಕು. ತೂತು ಸಾಲಿಗೆ ಬಾರದಿದ್ದರೆ ಇನ್ನೂ ಸ್ವಲ್ಪ ಬಿಗಿ ಮಾಡಬೇಕು. ಪಿನ್ ಹಾಕಲಿಕ್ಕೆ ಅಂತ ಹಿಂದಕ್ಕೆ ಸಡಿಲ ಮಾಡಲೇಬಾರದು.

ಬದಿಯಡ್ಕದ ಲಾರಿಯವರು: ಅಣ್ಣ, ನಾಳೆ ಬೆಳಿಗ್ಗೆ ಒಂದು ಲೋಡ್ ಒಪ್ಪಿಕೊಂಡಿದ್ದೇನೆ. ನಿಧಾನ ಹೋದರೆ?

ಮೆಕ್ಯಾನಿಕ್: ಬೇಡ.

ಮಂಜೇಶ್ವರದಿಂದ: ಅಣ್ಣ, ಬಿಗಿ ಇದ್ದರೆ ಎಷ್ಟು ಖರ್ಚು ಬರಬಹುದು?

ಉಪ್ಪಳದ ಟಿಪ್ಪರ್ ಚಾಲಕ: ನಾನು ಒಳ್ಳೆಯದಕ್ಕೇ ಕಳಿಸಿದ್ದು. ಇಷ್ಟು ಜೋರಾಗಿ ಹೇಳುವ ಅಗತ್ಯ ಇರಲಿಲ್ಲ.

ಮೆಕ್ಯಾನಿಕ್: ನಿಮಗೆ ಬೇಸರ ಆಗಲಿ ಅಂತ ಹೇಳಿದ್ದಲ್ಲ. ಆದರೆ ಆ ಬ್ರೇಕ್ ಆಯಿಲ್ ಮೆಸೇಜ್ ಇನ್ನೂ ಅಲ್ಲೇ ಇದೆ. ಅಳಿಸಿ.

ಬದಿಯಡ್ಕದ ಲಾರಿಯವರು (ಮರುದಿನ ಸಂಜೆ): ಲೋಡ್ ಬಿಟ್ಟೆ. ನೀವು ಹೇಳಿದ ಹಾಗೆ ಎರಡೂ ರಾಡ್ ಬಿಚ್ಚಿದೆವು. ಬಲ ಚಕ್ರ ಸಲೀಸು. ಎಡದ್ದು ಇಬ್ಬರು ತಳ್ಳಿದರೂ ನಡುವಿನಲ್ಲಿ ನಿಲ್ಲುತ್ತದೆ. ಪಿನ್ ತೆಗೆದಾಗ ಕೆಳಗಿನ ಬುಶ್ಶಿನಲ್ಲಿ ಒಂದೇ ಕಡೆ ನೀಲಿ ಕಪ್ಪು ಗೆರೆ, ಗ್ರೀಸ್ ತಲುಪಿದ ಗುರುತೇ ಇಲ್ಲ. ಆಕ್ಸಲ್ಲಿನ ಭಾರ ಹೊರುವ ಥ್ರಸ್ಟ್ ಬೇರಿಂಗ್ ಕೂಡ ತಲೆಕೆಳಗೆ.

ಮೆಕ್ಯಾನಿಕ್: ಬುಶ್ ಎರಡೂ ಹೊಸತು, ರೀಮರ್ ಇರುವ ಕಡೆಗೇ ಒಯ್ಯಿ. ಥ್ರಸ್ಟ್ ಬೇರಿಂಗ್ ಆಕ್ಸಲ್ ಕೆಳಗೆ, ಮುಚ್ಚಿದ ಮುಖ ಮೇಲೆ, ಇಲ್ಲದಿದ್ದರೆ ಮಣ್ಣು ನೀರು ಒಳಗೆ ಇಳಿಯುತ್ತದೆ. ಶಿಮ್ (ಸಂದು ತುಂಬುವ ತೆಳು ತಗಡು) ಹಾಕುವಾಗ ಫೀಲರ್ ಗೇಜ್ (ಸಂದು ಅಳೆಯುವ ಪಟ್ಟಿ) ಇಟ್ಟು ಸಂದು ನೋಡು, ಅಳತೆ ಗಾಡಿಯ ಪುಸ್ತಕದಲ್ಲಿದೆ. ಆಕ್ಸಲ್ ಎತ್ತಿಯೇ ಗ್ರೀಸ್ ಹೊಡಿ, ಭಾರ ಇಳಿದಾಗಲೇ ಬೇರಿಂಗಿಗೆ ತಲುಪುವುದು. ಹೊಸ ಗ್ರೀಸ್ ಹೊರಗೆ ಬರುವವರೆಗೆ ನಿಲ್ಲಿಸಬೇಡ. ಎಲ್ಲ ಮುಗಿದ ಮೇಲೆ ಟೋ ಒಮ್ಮೆ ನೋಡಿಸು. ಸ್ಪ್ಲಿಟ್ ಪಿನ್ ಫೋಟೋ ಹಾಕು, ಎರಡೂ ಕಡೆಯದ್ದು.

ಸೀತಾಂಗೋಳಿಯಿಂದ: ಅಣ್ಣ, ನನ್ನ ಟೈರ್ ಒಳಗಿಂದ ಹೊರಗೆ ಚುಚ್ಚುತ್ತದೆ. ಟೈರಾಡ್ ನಾನೇ ತಿರುಗಿಸಬಹುದಾ?

ಬದಿಯಡ್ಕದ ಲಾರಿಯವರು: ಫೋಟೋ ಹಾಕಿದ್ದೇನೆ ಅಣ್ಣ. ಎರಡೂ ಕಡೆ ಹೊಸ ಪಿನ್.

ಮೆಕ್ಯಾನಿಕ್: ನೋಡಿದೆ. ಈಗ ಸರಿ.