ಸಹಾಯ ಬೇಕು: ಅಪ್ಪನಿಗೆ ರಿವರ್ಸ್ ಬೀಪ್ ಕೇಳಿಸುವುದಿಲ್ಲ
ಪುಣೆಯ ಕನ್ನಡಿಗರಿಗೆಲ್ಲ ನಮಸ್ಕಾರ. ಅಪ್ಪನಿಗೆ 74 ವರ್ಷ. ಕಾರು ಈಗಲೂ ತಾವೇ ಓಡಿಸುತ್ತಾರೆ, ಚೆನ್ನಾಗಿಯೇ ಓಡಿಸುತ್ತಾರೆ. ರಿವರ್ಸ್ ಹಾಕಿದಾಗ ಬರುವ ಬೀಪ್ ಮಾತ್ರ ಅವರಿಗೆ ಕೇಳಿಸುವುದಿಲ್ಲ. ಮೊನ್ನೆ ಸೊಸೈಟಿ ಪಾರ್ಕಿಂಗ್‌ನಲ್ಲಿ ಕಂಬಕ್ಕೆ ತಾಗಿಸಿದರು. ಇಳಿದು ಬಂಪರ್ ಸವರುತ್ತಾ, "ಶಬ್ದವೇ ಬರಲಿಲ್ಲವಲ್ಲೋ" ಅಂದರು. ಪಕ್ಕದಲ್ಲಿದ್ದ ನನಗೆ ಬೀಪ್ ಸ್ಪಷ್ಟವಾಗಿ ಕೇಳಿತ್ತು. ಹೊಟ್ಟೆ ಚುರ್ ಅಂತು.

ವಯಸ್ಸಾದಂತೆ ಕೀರಲು ಶಬ್ದಗಳೇ ಮೊದಲು ಮಂದವಾಗುವುದು, ಅಲ್ವಾ? 2019ರ ಜುಲೈಯಿಂದ ಹೊಸ ಕಾರುಗಳಿಗೆ ಈ ಬೀಪ್ ಕೊಡುವ ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಕೇಳಿಸದಿದ್ದರೆ ಇದ್ದೇನು ಪ್ರಯೋಜನ? ಸರ್ವಿಸ್ ಸೆಂಟರ್‌ನವರು ಏನೂ ಮಾಡಕ್ಕಾಗಲ್ಲ ಅಂದುಬಿಟ್ಟರು.

ಬಜರ್ ಬದಲಿಸಿ ದಪ್ಪ ದನಿಯದ್ದು ಹಾಕಿಸಿದವರು ಇದ್ದೀರಾ? ಅದರಿಂದ ವಾರಂಟಿಗೆ ತೊಂದರೆ ಆಯಿತಾ? ಕೋಥ್ರೂಡ್ ಕಡೆ ನಂಬಿಕಸ್ತ ಆಟೋ ಎಲೆಕ್ಟ್ರಿಷಿಯನ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕ್ಯಾಮೆರಾ ಬೇಡ, ಪರದೆ ನೋಡಿಕೊಂಡು ಹಿಂದೆ ಬರುವುದು ಅವರಿಗೆ ಒಗ್ಗುವುದಿಲ್ಲ.