ಚಮಚ, ಬೀಗದ ಕೈ, ನಾಣ್ಯ ಬಗ್ಗಿಸುವ ಗಿಮಿಕ್: ದುಡ್ಡು ಕೊಡುವ ಮೊದಲು ಏನೇನು ನೋಡಬೇಕು?

ಕೈಚಳಕ_ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ ರೀ. ಮೆಂಟಲಿಸಂ (ಮನಸ್ಸಿನ ಬಲದಿಂದ ಮಾಡಿದಂತೆ ತೋರಿಸುವ ಜಾದು) ಸೆಟ್ಟಿಗೆ 12 ನಿಮಿಷದ ಲೋಹ ಬಗ್ಗಿಸುವ ಭಾಗ ಸೇರಿಸಬೇಕು. ಜಾಗ ಅಂದರೆ ರಿಸೆಪ್ಶನ್ ಹಾಲ್, ಕಂಪನಿ ಪಾರ್ಟಿ. ಜನ ಮೂರಡಿ ದೂರದಲ್ಲಿ ಮೂರು ಕಡೆ ನಿಂತಿರುತ್ತಾರೆ. ಪಟ್ಟಿಯಲ್ಲಿ ನಾಲ್ಕು ಗಿಮಿಕ್, ಅಂದರೆ ಆಟದ ಹಿಂದಿನ ಗುಟ್ಟಿನ ಸಾಮಾನು, ಇವೆ: ಬೀಗದ ಕೈ ಬಗ್ಗಿಸಲು ಸೀಳು ಇರುವ ಉಂಗುರ, ಬೆಲ್ಟಿಗೆ ಸಿಕ್ಕಿಸುವ ನಾಣ್ಯದ ಬೆಂಡರ್, ತಾನಾಗಿ ಬಗ್ಗುವ ನಿಟಿನಾಲ್ ಪೇಪರ್ ಕ್ಲಿಪ್, ಕತ್ತಿನಲ್ಲಿ ಕೀಲು ಅಡಗಿಸಿದ ಫೋರ್ಕ್. ನಾಲ್ಕನ್ನೂ ತೆಗೆದುಕೊಳ್ಳುವಷ್ಟು ಬಜೆಟ್ ಇಲ್ಲ. ಜಾಹೀರಾತಿನ ವಿಡಿಯೊಗಳಲ್ಲಿ ಕ್ಯಾಮೆರಾ ಒಂದೇ ಕಡೆ ಕೂತಿರುತ್ತದೆ, ಅದನ್ನು ನೋಡಿ ಏನೂ ತಿಳಿಯುವುದಿಲ್ಲ. ಯಾವುದನ್ನು ಹೇಗೆ ಒರೆಗೆ ಹಚ್ಚಬೇಕು?

ಲೇತ್_ಬೆಂಚ್:

ಗಿಮಿಕ್ ಆಮೇಲೆ. ಬಗ್ಗಿಸಬೇಕಾದ ಲೋಹ ಎಷ್ಟು ಬಲ ಕೇಳುತ್ತದೆ ಅನ್ನುವುದನ್ನು ಮೊದಲು ಲೆಕ್ಕ ಹಾಕಿ. ಅರ್ಧ ಪಟ್ಟಿ ಅಲ್ಲೇ ಕರಗುತ್ತದೆ.

ಪಟ್ಟಿಯಂಥ ಲೋಹ ಬಗ್ಗಿ ಹಾಗೇ ನಿಲ್ಲಬೇಕಾದರೆ ಬೇಕಾಗುವ ಬಲ ಅಗಲದ ಜೊತೆ ಒಂದಕ್ಕೊಂದು ಏರುತ್ತದೆ, ದಪ್ಪದ ಜೊತೆ ವರ್ಗದಲ್ಲಿ ಏರುತ್ತದೆ. ಸಾಮಾನ್ಯ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಚಮಚ, ಕತ್ತು (ಹಿಡಿಕೆ ಬಟ್ಟಲಿಗೆ ಸೇರುವ ಸಣ್ಣ ಜಾಗ) 6 ಮಿ.ಮೀ. ಅಗಲ, 2 ಮಿ.ಮೀ. ದಪ್ಪ ಅಂದುಕೊಳ್ಳಿ. ಕತ್ತಿನಿಂದ 5 ಸೆಂ.ಮೀ. ದೂರದಲ್ಲಿ ಒತ್ತಿದರೆ ಸುಮಾರು 3 ಕೆ.ಜಿ. ಬಲಕ್ಕೆ ಮಣಿಯುತ್ತದೆ. ಅದೇ ಕತ್ತು 2.5 ಮಿ.ಮೀ. ಆದರೆ ಸುಮಾರು 5 ಕೆ.ಜಿ., 3 ಮಿ.ಮೀ. ಆದರೆ 7 ಕೆ.ಜಿ. ಎರಡು ಕೈಯ ಹೆಬ್ಬೆರಳು, ತೋರುಬೆರಳು ಇದಕ್ಕೆ ಸಾಕು. ಮುಖದಲ್ಲಿ ಏನೂ ಕಾಣಿಸದಂತೆ ಒತ್ತುವುದು ಅಭ್ಯಾಸದ ಮಾತು. ಚಮಚಕ್ಕೆ ಗಿಮಿಕ್ ಬೇಕಿಲ್ಲ.

ಬೀಗದ ಕೈ ಹಾಗಲ್ಲ. ಹಿತ್ತಾಳೆ, 2 ಮಿ.ಮೀ. ದಪ್ಪ, 8 ಮಿ.ಮೀ. ಅಗಲ, ಒತ್ತಲು ಸಿಗುವ ಉದ್ದ ಬರೀ 2.5 ಸೆಂ.ಮೀ. ಅಲ್ಲಿ ಹತ್ತು ಕೆ.ಜಿ. ಹತ್ತಿರ ಬೇಕು. ಬೆರಳಲ್ಲಿ ಮರೆಮಾಚಿ ಅಷ್ಟು ಹಾಕಲಾಗದು. ಇಲ್ಲಿ ಉಂಗುರದ ಸೀಳು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಇನ್ನು ನಾಣ್ಯ. 25 ಮಿ.ಮೀ. ಅಗಲ, 1.8 ಮಿ.ಮೀ. ದಪ್ಪದ ಉಕ್ಕಿನ ಬಿಲ್ಲೆಯನ್ನು ನಡುವೆ ಬಗ್ಗಿಸಲು ಅಂಚಿನಲ್ಲಿ ಸುಮಾರು 50 ಕೆ.ಜಿ. ಬೀಳಬೇಕು, ಯಾಕೆಂದರೆ ಒತ್ತಲು ಸಿಗುವ ಉದ್ದ 12 ಮಿ.ಮೀ. ಮಾತ್ರ. ಬೆಲ್ಟಿನ ಸೀಳಿಗೆ ಅರ್ಧ ನಾಣ್ಯ ತೂರಿಸಿ ಅಂಗೈ ಬುಡದಿಂದ ಅಷ್ಟು ಒತ್ತಿ, ಭುಜ ಅಲ್ಲಾಡದೆ ನಗುತ್ತ ನಿಲ್ಲುವವರು ಯಾರಾದರೂ ಇದ್ದರೆ ಅವರಿಗೆ ಜಾದುವಿಗಿಂತ ಕುಸ್ತಿಯಲ್ಲಿ ಭವಿಷ್ಯವಿದೆ. ವಿಡಿಯೊದಲ್ಲಿ ಬಗ್ಗುವುದು ಹೆಚ್ಚಾಗಿ ಅಮೆರಿಕದ ಕ್ವಾರ್ಟರ್. ಅದೂ 24.26 ಮಿ.ಮೀ. ಅಗಲ, 1.75 ಮಿ.ಮೀ. ದಪ್ಪ, ಆದರೆ ಒಳಗಿರುವುದು ತಾಮ್ರ. ಮೇಲೆ ತೆಳುವಾಗಿ ತಾಮ್ರ-ನಿಕಲ್ ಹೊದಿಕೆ. ನಮ್ಮ 1, 2 ರೂಪಾಯಿ ನಾಣ್ಯಗಳು ಫೆರಿಟಿಕ್ ಸ್ಟೇನ್‌ಲೆಸ್ ಸ್ಟೀಲ್. ಅಳತೆ ಹತ್ತಿರ ಹತ್ತಿರ, ಲೋಹ ಬೇರೆ. ಬೆಲ್ಟ್ ಬೆಂಡರ್ ಪಟ್ಟಿಯಿಂದ ತೆಗೆಯಿರಿ.

ಉಂಗುರ ಕೊಳ್ಳುವುದಾದರೆ ಹೀಗೆ ನೋಡಿ.

ಸೀಳಿನ ಅಗಲ: ವರ್ನಿಯರ್ ಹಿಡಿದು ಅಳೆಯಿರಿ. ಕೀಯ ದಪ್ಪಕ್ಕಿಂತ 0.3 ಮಿ.ಮೀ. ಹೆಚ್ಚಿದ್ದರೆ ಸರಿ. 0.8 ಮಿ.ಮೀ. ಸಡಿಲವಿದ್ದರೆ ಕೀ ಮೊದಲು ಓರೆಯಾಗಿ, ಆಮೇಲೆ ಬಗ್ಗುತ್ತದೆ. ಆ ಮಧ್ಯದ ಜರುಗು ಕೈಗೆ ಗೊತ್ತಾಗುತ್ತದೆ, ಸದ್ದೂ ಬರುತ್ತದೆ. ಆಳ 8ರಿಂದ 10 ಮಿ.ಮೀ. ಇರಲಿ.

ಸೀಳಿನ ಅಂಚು: ಹರಿತವಾಗಿದ್ದರೆ ಕೀಯ ಮೇಲೆ ಅಡ್ಡಗೆರೆ ಬೀಳುತ್ತದೆ. ನಿಕಲ್ ಲೇಪನದ ಕೀಯಲ್ಲಂತೂ ಒಳಗಿನ ಹಳದಿ ಇಣುಕುತ್ತದೆ. ಪ್ರೇಕ್ಷಕರು ಕೀ ತಿರುಗಿಸಿ ನೋಡಿದಾಗ ಮೊದಲು ಕಾಣುವುದೇ ಆ ಗೆರೆ. ಅಂಚು ಅರ್ಧ ಮಿ.ಮೀ. ಗುಂಡಗಿರಬೇಕು. ಇಲ್ಲದಿದ್ದರೆ ಸಣ್ಣ ಅರದಿಂದ ನೀವೇ ಉಜ್ಜಿ, ಮೇಲೆ 600 ನಂಬರ್ ಎಮರಿ ಹಾಳೆ ಆಡಿಸಿ.

ಗಡಸು: ಉಂಗುರದ ಒಳಮೈಯಲ್ಲಿ ಕಾಣದ ಕಡೆ ಹೊಸ ಅರ ಎಳೆಯಿರಿ. ಜಾರಿದರೆ ಹದ ಕೊಟ್ಟ ಉಕ್ಕು, ಸಲೀಸಾಗಿ ಪುಡಿ ಬಿದ್ದರೆ ಮೆದು. ಇನ್ನೂ ಖಚಿತ ಪರೀಕ್ಷೆ ಬೇಕಾದರೆ ಡೂಪ್ಲಿಕೇಟ್ ಕೀ ಮಾಡುವವರ ಹತ್ತಿರ 20 ಖಾಲಿ ಹಿತ್ತಾಳೆ ಕೀ ತಂದು ಅಷ್ಟನ್ನೂ ಬಗ್ಗಿಸಿ, ಸೀಳನ್ನು ಮತ್ತೆ ಅಳೆಯಿರಿ. 0.1 ಮಿ.ಮೀ.ಗಿಂತ ಹೆಚ್ಚು ಬಾಯಿ ಬಿಟ್ಟಿದ್ದರೆ ಅದು ಒಂದು ಸೀಸನ್ ಬಾಳುವುದಿಲ್ಲ.

ಯಾರೂ ಹೇಳದ ದೋಷ ಇನ್ನೊಂದಿದೆ: ಉಂಗುರ ಸುತ್ತುವುದು. ಕೀ ಬಗ್ಗಿಸುವ ಬಲವೇ ಉಂಗುರವನ್ನೂ ಬೆರಳಿನ ಮೇಲೆ ತಿರುಗಿಸುತ್ತದೆ. ನುಣ್ಣನೆ ಗುಂಡಗಿರುವ ಉಂಗುರ ಕೈಕೊಡುವುದು ಇಲ್ಲೇ. ಸೀಳಿನ ಪಕ್ಕ ಚಪ್ಪಟೆ ಮೈ ಇದ್ದು ಅದು ಪಕ್ಕದ ಬೆರಳಿಗೆ ಆನಿಕೊಳ್ಳಬೇಕು. ಅಂಥದ್ದನ್ನೇ ಆರಿಸಿ, ಅರ್ಧ ಸೈಜ್ ಬಿಗಿ ಇರುವುದನ್ನು ತೆಗೆದುಕೊಳ್ಳಿ.

ಕೀ ಬಗ್ಗಿಸುವಾಗ 20–25 ಡಿಗ್ರಿಗೆ ನಿಲ್ಲಿಸಿ. ಹಲ್ಲುಗಳ ಪೈಕಿ ಆಳದ ಕಚ್ಚು ಎಲ್ಲಿದೆಯೋ ಅಲ್ಲೇ ಒತ್ತಡ ಸೇರುತ್ತದೆ. ಇನ್ನೂ ಎಳೆದರೆ ಕಚ್ಚಿನ ಬುಡದಲ್ಲಿ ಬಿರುಕು, ಮತ್ತೂ ಎಳೆದರೆ ತುಂಡು. ಮೈಮೇಲೆ ಗುಳಿಗಳಿರುವ ದಪ್ಪ ಕಂಪ್ಯೂಟರ್ ಕೀ, ಕಾರಿನ ಕೀ ಮುಟ್ಟಲೇಬೇಡಿ. ಮನೆಗೆ ಹೋಗಿ ಬೀಗ ತೆಗೆಯಬೇಕಾದ ಕೀಯನ್ನೂ ಬೇಡ ಅನ್ನಿ. ಬಗ್ಗಿದ್ದನ್ನು ನೆಟ್ಟಗೆ ಮಾಡಿಕೊಡಬಹುದು, ಆದರೆ ಹಿತ್ತಾಳೆ ಎರಡನೇ ಸಲ ಬಗ್ಗುವಾಗಲೇ ಬೀಗದೊಳಗೆ ಮುರಿಯಲು ಸಿದ್ಧವಾಗಿರುತ್ತದೆ.

ಮೆಟಲರ್ಜಿ_ಮೈಸೂರು:

ಲೇತ್_ಬೆಂಚ್ ಸರ್ ಲೆಕ್ಕ ಸರಿಯಾಗಿದೆ. ಚಮಚದ ಬಗ್ಗೆ ಒಂದು ಸೇರ್ಪಡೆ: ಅಗ್ಗದ ಚಮಚಗಳಲ್ಲಿ 200 ಸರಣಿಯ ಸ್ಟೀಲ್ ಬಹಳ. ನಿಕಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚು. 304ಗಿಂತ ಗಟ್ಟಿ, ಬಗ್ಗಿದಷ್ಟೂ ಬೇಗ ಗಡಸಾಗುತ್ತದೆ. ಆದ್ದರಿಂದ ದಪ್ಪ ಒಂದೇ ಇದ್ದರೂ ಎರಡು ಚಮಚ ಕೈಗೆ ಬೇರೆ ಬೇರೆ ಅನಿಸುತ್ತವೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗದು, ಒಂದನ್ನು ಬಗ್ಗಿಸಿಯೇ ತಿಳಿಯಬೇಕು.

ಈಗ ನಿಟಿನಾಲ್. ನಿಕಲ್, ಟೈಟೇನಿಯಂ ಹೆಚ್ಚುಕಡಿಮೆ ಅರ್ಧರ್ಧ ಪರಮಾಣುಗಳಿರುವ ಮಿಶ್ರಲೋಹ. ತಣ್ಣಗಿರುವಾಗ ಬಗ್ಗಿಸಿಟ್ಟ ಆಕಾರವನ್ನು ಬಿಸಿಯಾದಾಗ ಬಿಟ್ಟು, ಮೊದಲು ಕಲಿಸಿದ ಆಕಾರಕ್ಕೆ ಮರಳುತ್ತದೆ. ಮಾರುವವರು ಹೇಳದೆ ಬಿಡುವುದು ಒಂದೇ ಸಂಖ್ಯೆ: ಯಾವ ಉಷ್ಣತೆಯಲ್ಲಿ ಮರಳುತ್ತದೆ? ಅದನ್ನು ಕೇಳದೆ ಕೊಳ್ಳಬೇಡಿ. ಮಿಶ್ರಣದಲ್ಲಿ ನಿಕಲ್ ಶೇ 0.1ರಷ್ಟು ಕದಲಿದರೆ ಸಾಕು, ಈ ಉಷ್ಣತೆ ಹತ್ತು ಡಿಗ್ರಿ ಆಚೀಚೆ ಆಗುತ್ತದೆ. ಒಂದೇ ಅಂಗಡಿಯ ಎರಡು ಪ್ಯಾಕೆಟ್ ಒಂದೇ ಥರ ಇರಬೇಕೆಂದಿಲ್ಲ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಪಾತ್ರೆಯಲ್ಲಿ ಐಸ್ ನೀರು, ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರ್. ಐಸ್ ನೀರಲ್ಲೇ ಕ್ಲಿಪ್ಪನ್ನು ಬೇಕಾದ ಆಕಾರಕ್ಕೆ ಬಗ್ಗಿಸಿ ಅಲ್ಲೇ ಬಿಡಿ. ಬಿಸಿನೀರು ಸ್ವಲ್ಪ ಸ್ವಲ್ಪ ಸೇರಿಸುತ್ತ ಪ್ರತಿ ಸಲ ಎರಡು ಡಿಗ್ರಿ ಏರಿಸಿ, ಕಲಕಿ, ಅರ್ಧ ನಿಮಿಷ ಕಾಯಿರಿ. ಅಲುಗಾಡಲು ಶುರುವಾದ ಉಷ್ಣತೆ ಬರೆದುಕೊಳ್ಳಿ, ಪೂರ್ತಿ ಮರಳಿದ್ದನ್ನೂ ಬರೆದುಕೊಳ್ಳಿ. ಇವೆರಡರ ನಡುವೆ ಹತ್ತು ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಕ್ಲಿಪ್ ಸೋಮಾರಿಯಾಗಿ ಹೊರಳುತ್ತದೆ. ಜನ ಅದನ್ನು ಬಗ್ಗಿತು ಅನ್ನುವುದಿಲ್ಲ, ಜಾರಿತು ಅನ್ನುತ್ತಾರೆ.

ಅಂಗೈ ಬಿಸಿ 32–34 ಡಿಗ್ರಿ. ಕೈಯಲ್ಲಿ ಬಗ್ಗಬೇಕಾದ ಕ್ಲಿಪ್ 30ರ ಆಸುಪಾಸಿನಲ್ಲಿ ಶುರುವಾಗಬೇಕು. ಎಸಿ ಹಾಲಿನಲ್ಲಿ ಇದು ಚಂದ. ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನ ಶಾಮಿಯಾನದ ಕೆಳಗೆ ಅದೇ ಕ್ಲಿಪ್ ಡಬ್ಬಿಯಲ್ಲೇ ಬಗ್ಗಿ ಕೂತಿರುತ್ತದೆ. ಹುಬ್ಬಳ್ಳಿಯ ಬೇಸಿಗೆ ಮಧ್ಯಾಹ್ನವೂ ಇದಕ್ಕೆ ಸಾಕು. 45 ಡಿಗ್ರಿ ಮೇಲಿನದ್ದು ತೆಗೆದುಕೊಂಡರೆ ಕೈ ಬಿಸಿ ಸಾಲದು, ಬಿಸಿ ಚಹಾ ಲೋಟವೋ ಬಿಸಿನೀರಿನ ಗಾಜೋ ಬೇಕಾಗುತ್ತದೆ. ಆಗ ಆಟದ ಕತೆಯೇ ಬದಲಾಗಬೇಕು.

ಬಗ್ಗಿಸಿಡುವಾಗ ಮಿತಿ ಮೀರಬೇಡಿ. ಈ ಲೋಹ ಶೇ 6–8ರಷ್ಟು ಹಿಗ್ಗನ್ನು ಮಾತ್ರ ಪೂರ್ತಿ ನೆನಪಿಟ್ಟುಕೊಳ್ಳುತ್ತದೆ. 1 ಮಿ.ಮೀ. ತಂತಿಗೆ ತಿರುವಿನ ತ್ರಿಜ್ಯ 8 ಮಿ.ಮೀ.ಗಿಂತ ಚಿಕ್ಕದಾಗಬಾರದು, 1.5 ಮಿ.ಮೀ. ತಂತಿಗೆ 12–13. ಇಕ್ಕಳದಲ್ಲಿ ಚೂಪಾಗಿ ಮಡಚಿದರೆ ಆ ಮೂಲೆ ಶಾಶ್ವತ. ನೂರಾರು ಸಲ ಆಡಿಸಬೇಕಾದರೆ ಇದರ ಎರಡರಷ್ಟು ತ್ರಿಜ್ಯ ಇಟ್ಟುಕೊಳ್ಳಿ.

ಇನ್ನೊಂದು ಸಣ್ಣ ವಿಷಯ, ಆದರೆ ಆಟ ಕೆಡಿಸುವಂಥದ್ದು. ಪೇಪರ್ ಕ್ಲಿಪ್ಪಿನ ಡಬ್ಬಿಗೆ ಬಾಯಲ್ಲಿ ಆಯಸ್ಕಾಂತ ಇರುತ್ತದಲ್ಲ, ನಿಟಿನಾಲ್ ಅದಕ್ಕೆ ಅಂಟುವುದಿಲ್ಲ. ಹತ್ತು ಕ್ಲಿಪ್ ಮುಳ್ಳಿನಂತೆ ಎದ್ದು ನಿಂತಿರುವಾಗ ನಿಮ್ಮದೊಂದು ಮಾತ್ರ ಜಾರಿ ಬೀಳುತ್ತದೆ. ಬಣ್ಣವೂ ಒಂದು ಛಾಯೆ ಮಬ್ಬು.

ಗ್ಯಾಲಿಯಂ ಚಮಚದ ಬಗ್ಗೆ ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಅದು 29.76 ಡಿಗ್ರಿಗೆ ಕರಗುವ ಲೋಹ, ಬಗ್ಗುವುದಲ್ಲ. ನಮ್ಮ ಊರುಗಳಲ್ಲಿ ಶೋಗೆ ಮೊದಲೇ ಕೊಚ್ಚೆ. ಅಲ್ಯೂಮಿನಿಯಂಗೆ ತಗುಲಿದರೆ ಅದನ್ನೂ ಪುಡಿಪುಡಿ ಮಾಡುತ್ತದೆ.

ಸಂಜೆ_ಶೋ:

ಕೀಲು ಫೋರ್ಕ್ ಬೇಡ. ನೀವು ಹೇಳಿದ ಜಾಗದಲ್ಲಿ, ಮೂರಡಿ ದೂರದಲ್ಲಿ, ಕೊನೆಗೆ ಪ್ರೇಕ್ಷಕರ ಕೈಗೆ ಕೊಡಲಾಗದ ವಸ್ತು ಯಾವುದೇ ಇರಲಿ, ಅರ್ಧ ಆಟ. ಬಗ್ಗಿದ ಫೋರ್ಕ್ ಜನ ಮನೆಗೆ ಒಯ್ಯುತ್ತಾರೆ, ಶೋಕೇಸಿನಲ್ಲಿ ಇಡುತ್ತಾರೆ. ಅದೇ ನಿಮ್ಮ ವಿಸಿಟಿಂಗ್ ಕಾರ್ಡ್.

ಆದರೂ ನೋಡಲೇಬೇಕು ಅಂದರೆ: ಅದೇ ಮಾದರಿಯ ಮಾಮೂಲಿ ಫೋರ್ಕ್ ಪಕ್ಕದಲ್ಲಿಟ್ಟು ತೂಕ ಮಾಡಿ. 5 ಗ್ರಾಂ ವ್ಯತ್ಯಾಸ ಇದ್ದರೂ ಎರಡನ್ನೂ ಕೈಯಲ್ಲಿ ಹಿಡಿದವರಿಗೆ ಅನುಮಾನ ಬರುತ್ತದೆ. ಕತ್ತಲ ಕೋಣೆಯಲ್ಲಿ ಕತ್ತಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಕೀಲಿನ ಸಂದಿಯಲ್ಲಿ ಬೆಳಕಿನ ಎಳೆ ಕಂಡರೆ ವಾಪಸ್. ಕಿವಿಯ ಹತ್ತಿರ ಹಿಡಿದು ಮಡಚಿ, ಟಿಕ್ ಅಂದರೂ ವಾಪಸ್.

ಎಲ್ಲಕ್ಕೂ ಸಲ್ಲುವ ಪರೀಕ್ಷೆ: ಮೂರು ಫೋನ್ ಇಡಿ. ಒಂದು ಎದುರು, ಎದೆ ಎತ್ತರಕ್ಕೆ. ಒಂದು ಬಲಗಡೆ ಪಕ್ಕಕ್ಕೆ. ಇನ್ನೊಂದು ಎಡ ಹಿಂಭಾಗದಲ್ಲಿ, ಮಗು ನಿಲ್ಲುವ ಎತ್ತರಕ್ಕೆ. ಮಕ್ಕಳು ಕೆಳಗಿನಿಂದ ನೋಡುತ್ತಾರೆ, ಉಂಗುರದ ಸೀಳು ಇರುವುದೂ ಕೆಳಗಡೆಯೇ. ಇಪ್ಪತ್ತು ಸಲ ಮಾಡಿ, ಮೂರೂ ವಿಡಿಯೊದಲ್ಲಿ ಗಿಮಿಕ್ ಎಷ್ಟು ಸಲ ಕಂಡಿತು ಎಣಿಸಿ. ಆಮೇಲೆ ಇನ್ನೊಂದು ಎಣಿಕೆ: ಗಿಮಿಕ್ ಕೈಗೆ ಬರಲು, ಕೈಯಿಂದ ಹೋಗಲು ಎಷ್ಟು ಸಲ ಜೇಬಿಗೆ ಹೋದಿರಿ? ಎರಡಕ್ಕಿಂತ ಹೆಚ್ಚಾದರೆ ಆ ಸಾಮಾನು ನಿಮಗಲ್ಲ.

ಮೊದಲೇ ಸವೆಸಿಟ್ಟ ಫೋರ್ಕನ್ನೂ ಗಿಮಿಕ್ ಎಂದೇ ಲೆಕ್ಕ ಹಾಕಿ. ಕತ್ತನ್ನು ಹಿಂದೆಮುಂದೆ ಬಗ್ಗಿಸಿ ಮುರಿಯುವ ಹಂತಕ್ಕೆ ತಂದಿಡುವ ಪದ್ಧತಿ ಹಳೆಯದು. ತೊಂದರೆ ಅಂದರೆ ಆ ಜಾಗದ ಮೈ ಹೊಳಪು ಹೋಗಿ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ ಆಗುತ್ತದೆ, ನಡುವೆ ಕೂದಲೆಳೆ ಬಿರುಕು. ಎಲ್‌ಇಡಿ ದೀಪದಲ್ಲಿ ಓರೆ ಮಾಡಿದರೆ ಎದ್ದು ಕಾಣುತ್ತದೆ. ಎಷ್ಟನೇ ಬಗ್ಗಿಗೆ ಮುರಿಯುತ್ತದೆ ಅನ್ನುವುದು ಒಂದೇ ಡಜನ್ನಿನ ಫೋರ್ಕ್‌ಗಳಲ್ಲೂ ಹೊಂದುವುದಿಲ್ಲ. ಮುರಿದ ತುದಿ ಚೂರಿಯಂತೆ ಹರಿತ. ಮಕ್ಕಳ ಕೈಗೆ ಕೊಡಬೇಡಿ.

ಮೊದಲೇ ತಯಾರಿ ಬೇಡುವ ವಿಧಾನದ ದೌರ್ಬಲ್ಯ ಏನೆಂದು ತಿಳಿಯಲು 1973ರ ಆಗಸ್ಟ್ 1ರ ಅಮೆರಿಕದ ಟಿವಿ ಪ್ರಸಂಗ ಸಾಕು. ಜಾನಿ ಕಾರ್ಸನ್ ಕಾರ್ಯಕ್ರಮಕ್ಕೆ, ಮನಶ್ಶಕ್ತಿಯಿಂದ ಚಮಚ ಬಗ್ಗಿಸುತ್ತೇನೆ ಅನ್ನುತ್ತಿದ್ದ ಯೂರಿ ಗೆಲ್ಲರ್ ಬಂದಾಗ, ಜಾದೂಗಾರ ಜೇಮ್ಸ್ ರ‍್ಯಾಂಡಿಯ ಸಲಹೆಯಂತೆ ಚಮಚ ಮುಂತಾದ ಸಾಮಾನನ್ನು ಕಾರ್ಯಕ್ರಮದವರೇ ತಂದು, ಮೊದಲು ಯಾರೂ ಮುಟ್ಟದಂತೆ ಕಾಯ್ದರು. ಇಪ್ಪತ್ತು ನಿಮಿಷ ದಾಟಿದರೂ ಏನೂ ಆಗಲಿಲ್ಲ. ಅದರ ಎದುರುಬದಿ, ರ‍್ಯಾಂಡಿಯ ಪ್ರಾಜೆಕ್ಟ್ ಆಲ್ಫಾ: ಮನಶ್ಶಕ್ತಿ ಸಂಶೋಧಕರನ್ನು ಒರೆಗೆ ಹಚ್ಚಲು ಇಬ್ಬರು ಹುಡುಗರನ್ನು ಆ ಶಕ್ತಿ ಇದ್ದವರ ವೇಷದಲ್ಲಿ ಕಳಿಸಿದ ಪ್ರಸಂಗ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಚಮಚಗಳಿಗೆ ದಾರದಲ್ಲಿ ಚೀಟಿ ಕಟ್ಟಿ ಅಳತೆ ಬರೆದಿಡುತ್ತಿದ್ದರು. ಆ ಹುಡುಗರು, ಅವರಲ್ಲೊಬ್ಬ ಮುಂದೆ ಬನಾಚೆಕ್ ಎಂಬ ಮೆಂಟಲಿಸ್ಟ್ ಆಗಿ ಹೆಸರಾದ ಸ್ಟೀವ್ ಶಾ, ಚಮಚಗಳ ಚೀಟಿ ಅದಲುಬದಲು ಮಾಡಿಬಿಟ್ಟರು. ಮತ್ತೆ ಅಳೆದಾಗ ಎರಡರ ಅಳತೆಯೂ ಬೇರೆ. ಲೋಹ ಬಗ್ಗಲೇ ಇಲ್ಲ, ಗಿಮಿಕ್ಕಿಗೆ ಖರ್ಚಾದದ್ದು ಸೊನ್ನೆ.

ಕೈಚಳಕ_ಹುಬ್ಬಳ್ಳಿ:

ಬಹಳ ಉಪಕಾರ ಆತು. ಉಂಗುರ ಒಂದೇ ಉಳಿಯಿತು ಅನ್ನಿ. ಎರಡು ಪ್ರಶ್ನೆ: ಚಮಚ ಯಾವುದು, ಎಷ್ಟು ಕೊಳ್ಳಬೇಕು? ನಾಣ್ಯವನ್ನು ಪೂರ್ತಿ ಬಿಡಬೇಕಾ? ಜನ ಅದನ್ನೇ ಕೇಳುತ್ತಾರೆ.

ಲೇತ್_ಬೆಂಚ್:

ಚಮಚಕ್ಕೆ ಪಾತ್ರೆ ಅಂಗಡಿಗೆ ವರ್ನಿಯರ್ ತೆಗೆದುಕೊಂಡು ಹೋಗಿ. ಕತ್ತು 1.8ರಿಂದ 2.2 ಮಿ.ಮೀ., ಅಗಲ 5–6 ಮಿ.ಮೀ. ಇದಕ್ಕಿಂತ ತೆಳು ಇದ್ದರೆ ನೋಡಿದ ಕೂಡಲೇ ಇದು ಯಾರಿಗೂ ಬಗ್ಗುತ್ತದೆ ಅನ್ನುತ್ತಾರೆ. ಹಿಡಿಕೆಯ ತುದಿ ಅಗಲವಾಗಿ ದಪ್ಪಗೆ ಕಂಡು ಕತ್ತು ಮಾತ್ರ ಸಣ್ಣಗಿರುವ ವಿನ್ಯಾಸ ಆರಿಸಿ. ಜನ ಅಳೆಯುವುದು ತುದಿಯನ್ನು, ಬಗ್ಗುವುದು ಕತ್ತು. ಮೊದಲು ಮೂರು ಕೊಂಡು ಬಗ್ಗಿಸಿ ನೋಡಿ, ಹಿಡಿಸಿದರೆ ಅದೇ ಲಾಟಿನಲ್ಲಿ ಹತ್ತು ಡಜನ್ ಒಟ್ಟಿಗೆ ತನ್ನಿ. ಮುಂದಿನ ಲಾಟ್ ಬೇರೆ ಸ್ಟೀಲ್ ಆಗಿರಬಹುದು.

ನಾಣ್ಯವನ್ನು ಶೋನಲ್ಲಿ ಬಗ್ಗಿಸಬೇಡಿ. ಮೊದಲೇ ಬಗ್ಗಿಸಿದ್ದನ್ನು ಅದಲುಬದಲು ಮಾಡುವುದೊಂದೇ ದಾರಿ, ಅದಕ್ಕೆ ನಮ್ಮ ರೂಪಾಯಿ ಬಳಸಬೇಡಿ. 2011ರ ನಾಣ್ಯ ಕಾಯ್ದೆ ಚಲಾವಣೆಯ ನಾಣ್ಯ ಕರಗಿಸುವುದನ್ನೂ ಹಾಳುಗೆಡವುವುದನ್ನೂ ನಿಷೇಧಿಸುತ್ತದೆ, ಜೈಲು ಶಿಕ್ಷೆಯೂ ಇದೆ. ಹಿತ್ತಾಳೆ ಟೋಕನ್ ಮಾಡಿಸಿ: 25 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪ, ಒಂದು ಮೈಗೆ ನಿಮ್ಮ ಹೆಸರು. ಬಗ್ಗಿಸುವಾಗ ಬೆಂಚ್ ವೈಸಿನ ದವಡೆಗೆ ಎರಡೂ ಕಡೆ ಚರ್ಮದ ತುಂಡು ಕೊಡಿ, ಇಲ್ಲವಾದರೆ ದವಡೆಯ ಗೀರು ಅಚ್ಚಾಗುತ್ತದೆ. 30 ಡಿಗ್ರಿ ಸಾಕು. ಅದಕ್ಕಿಂತ ಹೆಚ್ಚು ಬಗ್ಗಿದ ಟೋಕನ್ ಬೆರಳ ಸಂದಿಯಲ್ಲಿ ಅಡಗುವುದಿಲ್ಲ.

ಸಂಜೆ_ಶೋ:

ಟೋಕನ್‌ಗೆ ಸಹಿ ಹಾಕಿಸುವ ಆಸೆ ಬಂದರೆ ತಡೆದುಕೊಳ್ಳಿ, ಸಹಿ ಬಿದ್ದ ಮೇಲೆ ಅದಲುಬದಲು ಆಗದು. ಚಮಚದ ಹಿಡಿಕೆಗೆ ಹಾಕಿಸಿ, ಮಾರ್ಕರ್ ಪರ್ಮನೆಂಟ್ ಇರಲಿ. ಬೆವರಿದ ಬೆರಳಿಗೆ ಶಾಯಿ ಒರೆಸಿಹೋಗುತ್ತದೆ, ಹಾಗಾಗಿ ಸಹಿ ಕತ್ತಿನಿಂದ ದೂರ, ಹೆಬ್ಬೆರಳು ಒತ್ತದ ಕಡೆ.